ಖಾಲಿ ಹಾಳೆಯ ಮೂವತ್ತನಾಲ್ಕು ಸಹಿಗಳು

ಜನವರಿ ೯

ವಿವರಗಳ ಪಟ್ಟಿ

೧. ಬರೆಯುವವನು: ನಿನ್ನ ದೊಡ್ಡಪ್ಪ. ವಯಸ್ಸು ಎಪ್ಪತ್ತೆರಡು. ವೃತ್ತಿ ಅರ್ಜಿ ಬರಹ, ನಲವತ್ತಾರು ವರ್ಷಗಳಿಂದ. ಕುಳಿತುಕೊಳ್ಳುವ ಸ್ಥಳ ಚೌಕದ ಪೂರ್ವ ಬದಿಯ ಕಲ್ಲಿನ ಕಂಬಸಾಲು, ನಾಲ್ಕನೆಯ ಮತ್ತು ಐದನೆಯ ಕಂಬಗಳ ನಡುವೆ.

೨. ಓದುವವಳು: ಮೇಲ್ಕಂಡವನ ತಮ್ಮನ ಮಗಳು. ಯೋಜನಾ ಕಚೇರಿಯಲ್ಲಿ ಸಹಾಯಕ ಯೋಜಕಿ.

೩. ವಿಷಯ: ನಮ್ಮ ಊರಿನ ಹಳೆಯ ಚೌಕವನ್ನು ಹದಿನೈದು ವರ್ಷಗಳಲ್ಲಿ, ಮೂರು ಹಂತಗಳಲ್ಲಿ ಸುಧಾರಿಸುವ ಯೋಜನೆ.

೪. ಆಧಾರ: ನಿನ್ನ ಡಿಸೆಂಬರ್ ೨೮ರ ಪತ್ರ.

೫. ಕೋರಿಕೆ: ಇದನ್ನು ಪೂರ್ತಿ ಓದತಕ್ಕದ್ದು. ಅರ್ಧ ಓದಿ ಫೋನ್ ಮಾಡತಕ್ಕದ್ದಲ್ಲ. ಫೋನಿನಲ್ಲಿ ಆಡಿದ ಮಾತಿಗೆ ದಾಖಲೆ ಇರುವುದಿಲ್ಲ.

ಚಿರಂಜೀವಿ ಮಗಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಚೌಕದ ಯೋಜನೆ ನಿನ್ನ ಮೇಜಿಗೆ ಬಂದಿದೆಯೆಂದೂ, ಅಲ್ಲಿ ಕುಳಿತು ದುಡಿಯುವ ಜನರ ಅಭಿಪ್ರಾಯ ಲಿಖಿತವಾಗಿ ಬೇಕೆಂದೂ ನೀನು ಬರೆದುದನ್ನು ಕಂಬಸಾಲಿನ ಎಲ್ಲರೆದುರು ಗಟ್ಟಿಯಾಗಿ ಓದಿದೆನು. ಕ್ಷೌರದವನು ಅರ್ಧ ಬೋಳಿಸಿದ ಗಲ್ಲವನ್ನು ಹಾಗೆಯೇ ಬಿಟ್ಟು ಎದ್ದು ಬಂದನು. ಗಲ್ಲದ ಒಡೆಯರೂ ಸಾಬೂನಿನ ನೊರೆಯೊಂದಿಗೇ ಬಂದು ನಿಂತರು.

ನನ್ನ ಪಕ್ಕದ ಗಡಿಯಾರ ರಿಪೇರಿಯವನು ನಿನಗೆ ನೆನಪಿರಬೇಕು. ಸದಾ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡಿರುತ್ತಾನೆಂದು ಅವನಿಗೆ ‘ಒಂಟಿಗಣ್ಣ’ ಎಂದು ಹೆಸರಿಟ್ಟವಳು ನೀನೇ. ಅವನು ಹೇಳಿದನು: “ನಿಮ್ಮ ಮಗಳು ನಕ್ಷೆ ಬರೆಯೋದಾದ್ರೆ ನಾನು ಇರೋ ಜಾಗದಲ್ಲೇ ಇರೋ ಹಾಗೆ ಬರೀಲಿ ಅಂತ ಹೇಳಿ. ಆ ಬೆಳಕು ಬಿಟ್ರೆ ನಂಗೆ ಮುಳ್ಳು ಕಾಣಲ್ಲ.”

ಬಾವಿಯ ಕಡೆ ಕೂರುವ ತರಕಾರಿ ಅಕ್ಕ ಕೇಳಿದಳು: “ನಕ್ಷೆಲಿ ನಮ್ಮ ಬುಟ್ಟಿ ಎಷ್ಟು ದೊಡ್ಡದಿರತ್ತೆ ಅಯ್ಯಾ?” ಚುಕ್ಕೆಯಷ್ಟು ಎಂದೆನು. “ಚುಕ್ಕೆನೇ ಸಾಕು. ಒರೆಸಬೇಡ ಅಂತ ಬರೀರಿ” ಎಂದಳು. ಎಲ್ಲರೂ ನಕ್ಕರು.

ಆ ದಿನವೇ ಸಹಿಗಳನ್ನು ಪಡೆದೆನು. ನಮ್ಮ ವೃತ್ತಿಯ ಕ್ರಮ ನಿನಗೆ ಗೊತ್ತಿರುವುದೇ. ಸಹಿ ಮೊದಲು, ಬರಹ ಆಮೇಲೆ. ದುಡಿಯುವ ಜನ ಒಮ್ಮೆ ಚದುರಿದರೆ ಮತ್ತೊಮ್ಮೆ ಕೂಡುವುದಿಲ್ಲ. ಶುದ್ಧ ಪ್ರತಿಗೋ ಮೂರು ದಿನ ಬೇಕು. ಆದ್ದರಿಂದ ಮೇಲೆ ನಾಲ್ಕು ಬೆರಳಷ್ಟು ಬಿಟ್ಟು, ಕೆಳಗೆ ಸಂಖ್ಯೆ ಹಾಕಿ, ಮೂರು ಖಾಲಿ ಹಾಳೆಗಳಲ್ಲಿ ಮೂವತ್ತನಾಲ್ಕು ಮಂದಿಯ ಸಹಿ ಹಾಕಿಸಿದ್ದೇನೆ. ನೀನು ಎಂಟು ವರ್ಷದವಳಾಗಿದ್ದಾಗ ಈ ಸಂಖ್ಯೆಗಳನ್ನು ಹಾಕುವ ಕೆಲಸ ನಿನ್ನದಾಗಿತ್ತು.

ಅರ್ಜಿಯಲ್ಲಿ ಆರು ಅಂಶಗಳಿವೆ. ಚರಂಡಿ, ಕಲ್ಲುಹಾಸು, ದೀಪ, ನಲ್ಲಿ, ಬಾವಿಯ ಕಟ್ಟೆ, ಇವು ಐದು. ಆರನೆಯದೇ ಅರ್ಜಿಯ ಜೀವ: ಕಂಬಸಾಲಿನಲ್ಲಿ ದುಡಿಯುವ ಯಾರನ್ನೂ ಯಾವ ಹಂತದಲ್ಲಿಯೂ ಎಬ್ಬಿಸತಕ್ಕದ್ದಲ್ಲ. ಕೆಲವರ ಚಿಲ್ಲರೆ ಕೋರಿಕೆಗಳನ್ನು ನಾನೇ ಕೈಬಿಟ್ಟಿದ್ದೇನೆ. ಎಲ್ಲವನ್ನೂ ತುಂಬಿದರೆ ಯಾವುದೂ ಕಾಣುವುದಿಲ್ಲ.

ಇಂತಿ,
ನಿನ್ನ ದೊಡ್ಡಪ್ಪ

ಅಡಕ: ಅರ್ಜಿ ನಾಲ್ಕು ಹಾಳೆ, ಸಹಿ ಮೂರು ಹಾಳೆ.

&nbsp;

ಜನವರಿ ೨೪

ದೊಡ್ಡಪ್ಪನಿಗೆ ನಮಸ್ಕಾರ.

ಅರ್ಜಿ ತಲುಪಿತು. ಇಡೀ ಕಚೇರಿ ಓದಿತು. ನಮ್ಮ ಮುಖ್ಯ ಅಧಿಕಾರಿಗಳು ನನ್ನನ್ನು ಕರೆದು, “ಊರವರ ಅರ್ಜಿಯನ್ನು ನೀವೇ ಬರೆದುಕೊಳ್ತೀರಾ?” ಎಂದು ಕೇಳಿದರು. ನನಗೆ ಗಾಬರಿಯಾಯಿತು. ಆಮೇಲೆ ಗೊತ್ತಾಯಿತು, ನಮ್ಮಿಬ್ಬರ ಕೈಬರಹ ನೋಡಿ ಹಾಗಂದಿದ್ದು. ನನ್ನ ಟಿಪ್ಪಣಿಯನ್ನೂ ನಿಮ್ಮ ಅರ್ಜಿಯನ್ನೂ ಪಕ್ಕಪಕ್ಕ ಇಟ್ಟರು. ನನಗೇ ಬೇರೆ ಮಾಡಲು ಆಗಲಿಲ್ಲ. “ನಮ್ಮ ದೊಡ್ಡಪ್ಪ ಸ್ಲೇಟು ಹಿಡಿಸಿ ತಿದ್ದಿಸಿದ್ದು ಸರ್, ಸೊಟ್ಟ ಬಂದರೆ ಊಟ ಇಲ್ಲ” ಅಂದೆ. ನಕ್ಕರು.

ಒಂದು ಸಣ್ಣ ವಿಷಯ. ನಮ್ಮ ಕಡತದ ನಮೂನೆಯಂತೆ ಅರ್ಜಿ ಒಂದು ಕಡೆ, ಸಹಿ ಹಾಳೆಗಳು ಒಂದು ಕಡೆ ಸೇರಬೇಕು. ಸಹಿ ಹಾಳೆಗಳ ಮೇಲ್ಭಾಗಕ್ಕೆ ನೀವು ತಲೆಬರಹ ಬರೆದಿಲ್ಲ. ಪರವಾಗಿಲ್ಲ, ವಾಪಸು ಕಳಿಸುವುದಿಲ್ಲ.

ಮುಂದಿನ ತಿಂಗಳು ಅಳತೆಯವರು ಬರುತ್ತಾರೆ. ಆರನೆಯ ಅಂಶ ನನ್ನ ಗಮನದಲ್ಲಿದೆ.

ನಿಮ್ಮ ಮಗಳು

&nbsp;

ಫೆಬ್ರವರಿ ೧೮

ಚಿರಂಜೀವಿ ಮಗಳಿಗೆ ಆಶೀರ್ವಾದಗಳು.

ಅಳತೆಯ ನಾಲ್ವರು ಬಂದು ಮೂರು ದಿನ ಇದ್ದು ಹೋದರು. ಪ್ರತಿ ಕಂಬಕ್ಕೂ ಸೀಮೆಸುಣ್ಣದಿಂದ ಅಂಕಿ ಬರೆದರು. ನನ್ನ ಬೆನ್ನ ಹಿಂದೆ ಈಗ ‘೫’ ಇದೆ. “ಅಂಕಿ ಹಾಕಿಸ್ಕೊಂಡ್ರಲ್ಲ ಅಯ್ಯಾ, ಇನ್ನು ನೀವೂ ಸರ್ಕಾರಿ ಆಸ್ತಿ” ಎಂದು ಒಂಟಿಗಣ್ಣ ದಿನವೂ ಛೇಡಿಸುತ್ತಾನೆ.

ಏಳನೆಯ ಕಂಬದ ತಲೆಯ ಹತ್ತಿರ ಉದ್ದನೆಯ ಬಿರುಕೊಂದಿದೆ. ನಾನು ಹುಡುಗನಾಗಿದ್ದಾಗಿನಿಂದ ಇದೆ. ಅದರ ಮೇಲೆ ಅಡ್ಡವಾಗಿ ಮೂರು ಗಾಜಿನ ಪಟ್ಟಿಗಳನ್ನು ಅಂಟಿಸಿ ತಾರೀಖು ಬರೆದು ಹೋಗಿದ್ದಾರೆ. ಅದು ಏತಕ್ಕೆಂದು ಕೇಳಿದರೆ ಕಚೇರಿಯನ್ನು ಕೇಳಿ ಎಂದರು. ಆದ್ದರಿಂದ ಕಚೇರಿಯನ್ನು ಕೇಳುತ್ತಿದ್ದೇನೆ. ನಿನ್ನೆ ನೋಡಿದಾಗ ನಡುವಿನ ಗಾಜು ಸೀಳಿತ್ತು. ಯಾರಾದರೂ ಏಣಿ ತಾಗಿಸಿರಬೇಕು.

ಆರನೆಯ ಅಂಶ ಯಾವ ಹಂತದಲ್ಲಿದೆಯೆಂದು ತಿಳಿಸುವುದು. ಜನ ನನ್ನನ್ನು ಕೇಳುತ್ತಾರೆ. ನಾನು ನಿನ್ನ ಹೆಸರು ಹೇಳುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ

&nbsp;

ಮಾರ್ಚ್ ೨೧

ದೊಡ್ಡಪ್ಪ,

ತಡವಾಯಿತು, ಕೆಲಸ ತುಂಬಾ ಇತ್ತು. ಗಾಜು ಅಂಟಿಸುವುದು ಹಳೆಯ ಕಟ್ಟಡಗಳಿಗೆ ಮಾಡುವ ಮಾಮೂಲು ಪರೀಕ್ಷೆ. ನೀವು ತಲೆ ಕೆಡಿಸಿಕೊಳ್ಳಬೇಡಿ. ಆದರೆ ಏಳನೆಯ ಕಂಬದ ಹತ್ತಿರ ಜಾಸ್ತಿ ಹೊತ್ತು ಕೂರಬೇಡಿ, ಅಲ್ಲಿ ಧೂಳು.

ಇನ್ನು ಮುಂದೆ ಕಚೇರಿ ವಿಳಾಸಕ್ಕೆ ಬರೆಯಬೇಡಿ. ಮನೆಗೆ ಬರೆಯಿರಿ. ಇಲ್ಲಿ ಕಾಗದಗಳನ್ನು ಎಲ್ಲರೂ ಒಡೆದು ಓದುತ್ತಾರೆ.

ನಿಮ್ಮ ಮಗಳು

&nbsp;

ಏಪ್ರಿಲ್ ೨

ಚಿರಂಜೀವಿ ಮಗಳಿಗೆ ಆಶೀರ್ವಾದಗಳು.

ನಿನ್ನ ಪತ್ರ ಚಿಕ್ಕದಾದರೂ ಅದರ ಅರ್ಥ ನನಗೆ ಚಿಕ್ಕದಾಗಿ ಕಾಣಲಿಲ್ಲ. ಕಾಗದಗಳನ್ನು ಬೇರೆಯವರು ಓದಬಾರದು ಎನ್ನುವಷ್ಟು ಮಹತ್ವದ ಸ್ಥಾನಕ್ಕೆ ನೀನು ಬಂದಿರುವೆಯೆಂದೂ, ಆರನೆಯ ಅಂಶಕ್ಕಾಗಿ ಒಳಗೊಳಗೆ ಹೋರಾಡುತ್ತಿರುವೆಯೆಂದೂ ತಿಳಿದುಕೊಂಡೆನು. ಧೂಳಿನ ವಿಷಯದಲ್ಲಿ ನಿನ್ನ ಕಾಳಜಿಗೆ ಸಂತೋಷ. ನಿನ್ನ ದೊಡ್ಡಮ್ಮ ಇದ್ದಿದ್ದರೆ ಈ ಸಾಲನ್ನು ನಾಲ್ಕು ಮನೆಗೆ ಓದಿ ಹೇಳುತ್ತಿದ್ದಳು.

ಒಂಟಿಗಣ್ಣ ಹೊಸ ಮೇಜು ಮಾಡಿಸಬೇಕೋ ಬೇಡವೋ ಎಂದು ವರ್ಷದಿಂದ ಹಿಂದುಮುಂದು ನೋಡುತ್ತಿದ್ದನು. “ಮೇಜು ಮಾಡಿಸಿ ನೆಲಕ್ಕೆ ಬೋಲ್ಟ್ ಹಾಕಿಸಿದ ಮೇಲೆ ಎದ್ದು ಹೋಗಿ ಅಂದ್ರೆ?” ಎಂದು ಕೇಳಿದನು. “ಕಡತ ನನ್ನ ಮಗಳ ಕೈಯಲ್ಲಿರುವಾಗ ನಿನ್ನನ್ನು ಎಬ್ಬಿಸುವವರು ಯಾರು?” ಎಂದು ಹೇಳಿದೆನು. ಕಳೆದ ವಾರ ಮೇಜು ಬಂತು. ಇಪ್ಪತ್ತೆರಡು ಸಣ್ಣ ಖಾನೆಗಳು, ಬೀಟೆ ಮರ. ಕೆಲಸ ನಿಲ್ಲಿಸಿ ಎಲ್ಲರೂ ಹೋಗಿ ಖಾನೆಗಳನ್ನು ಎಳೆದೆಳೆದು ನೋಡಿದೆವು.

ಇಂತಿ,
ನಿನ್ನ ದೊಡ್ಡಪ್ಪ

&nbsp;

ಮೇ ೧೪

ಸಹಾಯಕ ಯೋಜಕಿಯವರ ಸನ್ನಿಧಿಗೆ,

ಚೌಕದ ಕರಡು ಯೋಜನೆಯನ್ನು ದಿನಾಂಕ ಹನ್ನೆರಡರಂದು ಪಂಚಾಯತಿ ಕಚೇರಿಯ ಫಲಕಕ್ಕೆ ಅಂಟಿಸಲಾಗಿದೆ. ಅದರಲ್ಲಿ ನಾನು ಓದಿದ ಸಂಗತಿಗಳು ಇಂತಿವೆ.

ಮೊದಲ ಹಂತ, ಮೊದಲ ವರ್ಷ: ಕಂಬಸಾಲನ್ನು ಸಂಪೂರ್ಣವಾಗಿ ತೆರವುಗೊಳಿಸುವುದು. ಅಲ್ಲಿರುವವರಿಗೆ ಬಸ್ ನಿಲ್ದಾಣದ ಹಿಂದೆ ತಗಡಿನ ಮಳಿಗೆಗಳು. ಕಂಬಸಾಲು ಇನ್ನು ಮುಂದೆ ನೋಡುವವರಿಗಾಗಿ ಮಾತ್ರ.

ಮೂರನೆಯ ಅನುಬಂಧ: ಸ್ಥಳೀಯರ ಒಪ್ಪಿಗೆ. ಮೂರು ಹಾಳೆಗಳ ನಕಲು. ಕೆಳಗೆ ಮೂವತ್ತನಾಲ್ಕು ಸಹಿ. ಮೇಲೆ, ನಾನು ಬಿಟ್ಟಿದ್ದ ನಾಲ್ಕು ಬೆರಳಿನ ಜಾಗದಲ್ಲಿ: “ಕೆಳಗೆ ಸಹಿ ಮಾಡಿರುವ ನಾವು ಕಂಬಸಾಲನ್ನು ಸ್ವಇಚ್ಛೆಯಿಂದ ತೆರವು ಮಾಡಿಕೊಡಲು ಒಪ್ಪಿರುತ್ತೇವೆ.”

ಆ ಬರಹವನ್ನು ಕಂಡಾಗ ನಾನೇ ಬರೆದು ಮರೆತೆನೇ ಎಂದು ಒಂದು ಗಳಿಗೆ ನನ್ನನ್ನೇ ಶಂಕಿಸಿದೆನು. ‘ಳ’ಕಾರದ ಬಾಲ ನನ್ನದು. ಒತ್ತಕ್ಷರವನ್ನು ಸಾಲಿನಿಂದ ಸ್ವಲ್ಪ ಎಡಕ್ಕೆ ಇಳಿಸುವ ಅಭ್ಯಾಸ ನನ್ನದು. ನಾನೇ ಮೋಸ ಹೋಗುವಷ್ಟು ನನ್ನದು. ಹೀಗಿರುವಾಗ ಫಲಕದ ಮುಂದೆ ನಿಂತ ಇತರರು ಏನೆಂದು ತಿಳಿಯಬೇಕು?

ಒಂಟಿಗಣ್ಣ ಕಣ್ಣಿನ ಗಾಜನ್ನು ತೆಗೆದು, ಒರೆಸಿ, ಮತ್ತೆ ಸಿಕ್ಕಿಸಿಕೊಂಡು ಓದಿದನು. “ನಿಮ್ಮ ಅಕ್ಷರ ಅಯ್ಯಾ” ಎಂದನು. ಅಲ್ಲವೆಂದೆನು. “ನಲವತ್ತು ವರ್ಷ ಪಕ್ಕದಲ್ಲಿ ಕೂತಿದೀನಿ. ನಿಮ್ಮ ಅಕ್ಷರ ನಂಗೆ ಗೊತ್ತಾಗಲ್ವಾ? ಮೇಜು ಮಾಡ್ಸು ಅಂದ್ರಲ್ಲ. ಬೋಲ್ಟ್ ಹಾಕ್ಸು ಅಂದ್ರಲ್ಲ.” ಅವನು ಧ್ವನಿ ಏರಿಸಲಿಲ್ಲ. ಏರಿಸಿದ್ದರೆ ನಾನೂ ಏರಿಸಬಹುದಿತ್ತು.

ತರಕಾರಿ ಅಕ್ಕ ಇಷ್ಟೇ ಹೇಳಿದಳು: “ಓದೋಕೆ ಬರತ್ತೆ ನಂಗೆ. ಅವತ್ತು ಓದೋಕೆ ಏನೂ ಇರ್ಲಿಲ್ಲ ಹಾಳೇಲಿ. ನೀವಲ್ವಾ ಅಂತ ಹಾಕ್ದೆ.”

ನಿನ್ನೆಯಿಂದ ನನ್ನ ಎದುರಿನ ಮಣೆಯ ಮೇಲೆ ಯಾರೂ ಕುಳಿತಿಲ್ಲ.

ಮೂರನೆಯ ಅನುಬಂಧದ ತಲೆಬರಹವನ್ನು ಬರೆದವರು ಯಾರೆಂದು ತಾವು ಲಿಖಿತವಾಗಿ ತಿಳಿಸಬೇಕಾಗಿ ಅರಿಕೆ.

ತಮ್ಮ ವಿಶ್ವಾಸಿ,
ಅರ್ಜಿ ಬರಹಗಾರ

&nbsp;

ಮೇ ೨೦

ದೊಡ್ಡಪ್ಪ,

ನಾನೇ ಬರೆದೆ.

‘ಸನ್ನಿಧಿಗೆ’ ಎಂದು ಬರೆದಿದ್ದೀರಿ. ಬೈದಿದ್ದರೆ ಸುಲಭವಾಗುತ್ತಿತ್ತು.

ನೀವು ನೋಡಿದ ಆ ಗಾಜು ಏಣಿ ತಾಗಿ ಸೀಳಿದ್ದಲ್ಲ. ಮೂರು ವಾರದಲ್ಲಿ ಮೂರೂ ಸೀಳಿದವು. ಏಳನೆಯ ಕಂಬ ಸರಿಯುತ್ತಿದೆ, ಮೇಲಿನ ತೊಲೆಗಲ್ಲುಗಳು ಅದರ ಜೊತೆ ಸರಿಯುತ್ತಿವೆ. ಇದನ್ನು ಅಪಾಯದ ಕಟ್ಟಡ ಎಂದು ವರದಿ ಮಾಡಿದರೆ ಮರುದಿನವೇ ಬೇಲಿ ಹಾಕಿ ನಿಮ್ಮೆಲ್ಲರನ್ನೂ ಬೀದಿಗೆ ನಿಲ್ಲಿಸುತ್ತಾರೆ. ಬದಲಿ ಮಳಿಗೆ ಕೊಡುವ ನಿಯಮ ಅಪಾಯದ ಕಟ್ಟಡಕ್ಕೆ ಇಲ್ಲ. ಒಪ್ಪಿಗೆಯಿಂದ ತೆರವು ಮಾಡಿದವರಿಗೆ ಮಾತ್ರ ಇದೆ. ಒಪ್ಪಿಗೆ ಪತ್ರ ಮಾರ್ಚ್ ಮುಗಿಯುವುದರೊಳಗೆ ಬೇಕಿತ್ತು. ನಿಮ್ಮನ್ನು ಕೇಳಿದ್ದರೆ ಆರನೆಯ ಅಂಶ ಹಿಡಿದು ಕೂರುತ್ತಿದ್ದಿರಿ. ನಿಮ್ಮನ್ನು ನಾನು ಬಲ್ಲೆ. ಮೇಜಿನ ಮೇಲೆ ಮೂವತ್ತನಾಲ್ಕು ಸಹಿ ಇತ್ತು, ಮೇಲೆ ಖಾಲಿ ಇತ್ತು. ಟೈಪು ಮಾಡಿಸಿದರೆ ಆಮೇಲೆ ಸೇರಿಸಿದ್ದು ಅಂತ ಕಾಣುತ್ತದೆ ಎಂದು ಕೈಯಲ್ಲೇ ಬರೆದೆ. ಯಾರ ಹಾಗೆ ಕಾಣುತ್ತದೆ ಎಂದು ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ.

ಇನ್ನೊಂದು ಹೇಳುತ್ತೇನೆ, ಸಿಟ್ಟು ಮಾಡಿಕೊಂಡರೂ ಸರಿ. ತರಕಾರಿ ಮಾರುವವರು ಅಳತೆಯವರ ಹತ್ತಿರ, “ಬಿಸಿಲಿಗೆ ಚಪ್ಪರ ಬೇಕು ಅಂತ ಅರ್ಜಿಲಿ ಬರೆಸಿದೀವಲ್ಲ” ಅಂದರಂತೆ. ನಾನು ಅರ್ಜಿಯನ್ನು ಮೂರು ಸಲ ಓದಿದೆ. ಚಪ್ಪರ ಎಲ್ಲೂ ಇಲ್ಲ. ಚೌಕದ ಅಂದ ಕೆಡುತ್ತದೆ ಎಂದು ನೀವೇ ಬಿಟ್ಟಿರಬೇಕು. ಅವರ ಸಹಿಯ ಮೇಲೆ ನಿಮಗೆ ಸರಿ ಕಂಡದ್ದನ್ನು ನೀವು ಬರೆದಿರಿ. ನಾನೂ ಅವರ ಒಳ್ಳೆಯದಕ್ಕೆ ಅಂತಲೇ ನನಗೆ ಸರಿ ಕಂಡದ್ದನ್ನು ಬರೆದೆ. ಇದನ್ನು ನಾನು ಬೇರೆಲ್ಲೂ ಕಲಿತಿಲ್ಲ ದೊಡ್ಡಪ್ಪ.

ಜೂನ್ ೩ಕ್ಕೆ ಪಂಚಾಯತಿ ಸಭಾಂಗಣದಲ್ಲಿ ಆಕ್ಷೇಪಣೆಗಳ ವಿಚಾರಣೆ. ತಲೆಬರಹ ಯಾರದು ಎಂದು ಖಂಡಿತ ಕೇಳುತ್ತಾರೆ. ನನ್ನದು ಎಂದಾದರೆ ನನ್ನ ಕೆಲಸ ಹೋಗುತ್ತದೆ, ಮೇಲೆ ಕೇಸೂ ಆಗಬಹುದು. ನಿಮ್ಮದು ಎಂದಾದರೆ ಏನೂ ಆಗುವುದಿಲ್ಲ. ಜನ ಹೇಳಿದ್ದನ್ನು ತಪ್ಪಾಗಿ ತಿಳಿದೆ, ವಯಸ್ಸಾಗಿದೆ, ಎಂದರೆ ಮುಗಿಯಿತು. ಎಪ್ಪತ್ತೆರಡು ವರ್ಷದವರನ್ನು ಯಾರೂ ಏನೂ ಮಾಡುವುದಿಲ್ಲ. ಹೇಳಿಕೆಯನ್ನು ನಾನೇ ಬರೆದು ಈ ಪತ್ರದ ಜೊತೆ ಇಟ್ಟಿದ್ದೇನೆ. ನೀವು ಸಹಿ ಮಾಡಿ ಕೊಟ್ಟರೆ ಸಾಕು, ಮಾತಾಡಬೇಕಾಗಿಯೂ ಇಲ್ಲ.

ಇಷ್ಟು ದಿನ ನಿಮ್ಮನ್ನು ಏನೂ ಕೇಳಿಲ್ಲ.

ನಿಮ್ಮ ಮಗಳು

&nbsp;

ಜೂನ್ ೫

ಮಗಳೇ,

ವಿಚಾರಣೆ ನಡೆದ ದಿನ ನೀನು ಬರಲಿಲ್ಲ. ಬರಬಾರದೆಂದು ನಿನಗೆ ಆದೇಶವಾಗಿತ್ತೆಂದು ನಿನ್ನ ಮುಖ್ಯ ಅಧಿಕಾರಿಗಳು ಆಮೇಲೆ ಹೇಳಿದರು. ಆದ್ದರಿಂದ ನಡೆದುದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ. ಬೇರೆಯವರ ಬಾಯಿಂದ ನಿನಗೆ ತಿಳಿಯುವುದು ಬೇಡ.

ಸಭಾಂಗಣದ ಕುರ್ಚಿಗಳು ಸಾಲದೆ ಕಿಟಕಿಕಟ್ಟೆಯ ಮೇಲೂ ಜನ ಕುಳಿತಿದ್ದರು. ಮೂವತ್ತನಾಲ್ಕು ಮಂದಿಯೂ ಬಂದಿದ್ದರು. ನನ್ನ ಎರಡೂ ಪಕ್ಕದ ಕುರ್ಚಿಗಳು ಮಾತ್ರ ಖಾಲಿ ಇದ್ದವು. ಒಂಟಿಗಣ್ಣ ಬಾಗಿಲ ಬಳಿ ನಿಂತೇ ಇದ್ದನು. ನಿನ್ನ ಹೇಳಿಕೆ ನನ್ನ ಅಂಗಿಯ ಜೇಬಿನಲ್ಲಿತ್ತು. ಅದನ್ನು ಕೊಡಬೇಕೆಂದೇ ಮನೆಯಿಂದ ಹೊರಟಿದ್ದೆನೆಂಬುದನ್ನು ನೀನು ತಿಳಿಯಬೇಕು.

ವಿಚಾರಣೆಯ ಅಧಿಕಾರಿಗಳು ಮೂರು ಹಾಳೆಗಳನ್ನು ನನ್ನ ಮುಂದಿಟ್ಟು, “ಇದು ನಿಮ್ಮ ಕೈಬರಹವೇ ಯಜಮಾನರೇ?” ಎಂದು ಕೇಳಿದರು. ಹೌದೆಂದರೆ ನಂಬಲು ಎಲ್ಲರೂ ತಯಾರಿದ್ದರು. ಹಿಂದಿನಿಂದ ಯಾರೋ, “ಅವರದ್ದೇ, ಇನ್ಯಾರದ್ದು” ಎಂದು ಹೇಳಿಯೂ ಆಗಿತ್ತು. ನಾನು ಆ ಸಾಲನ್ನು ಓದಿದೆನು. ‘ಸ್ವಇಚ್ಛೆಯಿಂದ’ ಎಂಬ ಮಾತಿನ ಬಳಿ ನಿಂತೆನು. ನಲವತ್ತಾರು ವರ್ಷ ನಾನು ಬರೆದ ಮಾತು ಅದು. ಯಾವೊಂದು ಸಲವೂ ಯಾರನ್ನೂ ಕೇಳಿ ಬರೆದಿರಲಿಲ್ಲ.

ಅಲ್ಲವೆಂದೆನು.

“ಹಾಗಾದ್ರೆ ಯಾರದ್ದು?”

“ನಾನು ಅಕ್ಷರ ಕಲಿಸಿದವಳದ್ದು” ಎಂದೆನು. ಹೆಸರು ಹೇಳುವ ಅಗತ್ಯ ಬೀಳಲಿಲ್ಲ.

ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಿದ್ದರೆ ಮೋಸ ಹೋದ ಮುದುಕನಾಗಿ ಹೊರಗೆ ಬರುತ್ತಿದ್ದೆನು, ಖಾಲಿ ಕುರ್ಚಿಗಳು ತುಂಬುತ್ತಿದ್ದವು. ಆದರೆ ನೀನು ಚಪ್ಪರದ ವಿಷಯ ಬರೆದುಬಿಟ್ಟಿದ್ದೆ. ಆದ್ದರಿಂದ ಕೇಳದಿದ್ದರೂ ಹೇಳಿದೆನು: ಸಹಿ ಹಾಕಿಸಿದಾಗ ಹಾಳೆ ಖಾಲಿಯಾಗಿತ್ತು. ಖಾಲಿ ಇಟ್ಟವನು ನಾನು. ಆಮೇಲೆ ಬರೆದ ಅರ್ಜಿಯನ್ನು ಸಹಿ ಮಾಡಿದವರಿಗೆ ಓದಿ ಹೇಳಲಿಲ್ಲ. ಬಾವಿಯ ಕಡೆಯವರು ಚಪ್ಪರ ಕೇಳಿದ್ದರು, ನಾನು ಬಿಟ್ಟೆನು.

“ಎಷ್ಟು ವರ್ಷದಿಂದ ಹೀಗೆ ಮಾಡ್ತಿದೀರಿ?” ಎಂದು ಅಧಿಕಾರಿಗಳು ಕೇಳಿದರು.

“ಆರಂಭದಿಂದಲೂ.”

“ಎಲ್ಲಾ ಅರ್ಜಿಗಳಿಗೂ?”

“ಎಲ್ಲಕ್ಕೂ.”

ತರಕಾರಿ ಅಕ್ಕ ಎದ್ದು ನಿಂತಳು. “ನಮ್ಮ ಅವ್ವನ ಮನೆ ಅರ್ಜಿಗೂ?” ಎಂದು ಕೇಳಿದಳು. ಆ ಅರ್ಜಿ ಇಪ್ಪತ್ತು ವರ್ಷದ ಹಿಂದಿನದು. ಅದರಲ್ಲಿ ಏನು ಬರೆದೆನೋ ನನಗೇ ನೆನಪಿಲ್ಲ. ಹೌದೆಂದು ತಲೆಯಾಡಿಸಿದೆನು. ಅವಳು ಕುಳಿತಳು.

ಗಾಜಿನ ಪಟ್ಟಿಗಳ ವಿಷಯವೂ ಅಲ್ಲಿಯೇ ಹೊರಗೆ ಬಂತು. ಆಗ ಒಂಟಿಗಣ್ಣ ಬಾಗಿಲಿಂದಲೇ ಹೇಳಿದನು: “ಕಂಬ ಬೀಳತ್ತೆ ಅಂತ ಒಂದ್ಮಾತು ಹೇಳಿದ್ರೆ ನಾನೇ ಮೇಜು ಹೊತ್ಕೊಂಡು ಎದ್ದು ಹೋಗ್ತಿದ್ದೆ. ಕೇಳೋಕೆ ಏನಾಗಿತ್ತು ಇಬ್ಬರಿಗೂ?” ಇಬ್ಬರಿಗೂ ಎಂದನು, ಮಗಳೇ. ನಮ್ಮಿಬ್ಬರನ್ನು ಅವನು ಒಂದೇ ಮಾತಿನಲ್ಲಿ ಸೇರಿಸಿದನು.

ಮೂರನೆಯ ಅನುಬಂಧ ರದ್ದಾಯಿತು. ಕಂಬಸಾಲಿಗೆ ನಿನ್ನೆಯೇ ಮರದ ಆನಿಕೆಗಳನ್ನು ಕೊಟ್ಟಿದ್ದಾರೆ. ಆರನೆಯ ಕಂಬದಿಂದ ಎಂಟನೆಯದರವರೆಗೆ ಹಗ್ಗ ಕಟ್ಟಿದ್ದಾರೆ. ಬದಲಿ ಜಾಗ ಎಲ್ಲಿ, ಹೇಗೆ ಎಂಬುದನ್ನು ಒಬ್ಬೊಬ್ಬರನ್ನೂ ಕೇಳಿ ಬರೆದುಕೊಂಡ ಮೇಲೆಯೇ ಮುಂದಿನ ಕೆಲಸವೆಂದು ತೀರ್ಮಾನ. ಸಿಗುತ್ತದೆಯೋ ಇಲ್ಲವೋ, ನಿಯಮದ ಮಾತು ನೀನು ಬರೆದ ಹಾಗೆಯೇ ಇದ್ದರೆ ಬಹುಶಃ ಇಲ್ಲ. ಆ ಲೆಕ್ಕಕ್ಕೆ ನಿನ್ನ ದಾರಿಯಿಂದಲೇ ಅವರಿಗೆ ಹೆಚ್ಚು ಒಳ್ಳೆಯದಾಗುತ್ತಿತ್ತೇನೋ. ಇದನ್ನು ಬರೆಯದೆ ಬಿಟ್ಟರೆ ನಾನು ಮತ್ತೆ ಚಪ್ಪರ ಬಿಟ್ಟಂತೆ.

ನಿನ್ನ ಮೇಲೆ ವಿಚಾರಣೆ ಆಗುವುದೆಂದು ಹೇಳಿದರು. ನಾನು ಅದಕ್ಕೂ ಸಾಕ್ಷಿ ಹೇಳಬೇಕಾಗುತ್ತದೆ. ಕೇಳಿದರೆ ನಿಜವನ್ನೇ ಹೇಳುತ್ತೇನೆ. ನೀನು ಯಾತಕ್ಕಾಗಿ ಮಾಡಿದೆಯೆಂಬ ನಿಜವೂ ಅದರಲ್ಲಿ ಸೇರುತ್ತದೆ.

ನಾಲ್ಕನೆಯ, ಐದನೆಯ ಕಂಬಗಳ ನಡುವಿನ ಜಾಗವನ್ನು ನಾನು ಬಿಟ್ಟಿದ್ದೇನೆ. ಯಾರೂ ಬಿಡು ಎನ್ನಲಿಲ್ಲ. ಇರು ಎಂದೂ ಅನ್ನಲಿಲ್ಲ.

ಈಗ ನಿನ್ನ ಕೋರಿಕೆಯ ವಿಷಯ. ನನ್ನ ಮೇಲೆ ಹಾಕಿಕೊಂಡರೆ ನನಗೇನೂ ಆಗುವುದಿಲ್ಲವೆಂದು ಬರೆದಿದ್ದೆ. ಮನೆಯಿಲ್ಲದವರು, ಮಾತು ಬಾರದವರು, ಹೆದರಿದವರು ನಲವತ್ತಾರು ವರ್ಷ ನನ್ನ ಅಕ್ಷರವನ್ನು ನಂಬಿ ಕೆಳಗೆ ಹೆಬ್ಬೆಟ್ಟು ಒತ್ತಿದರು. ನನ್ನ ಹತ್ತಿರ ಇದ್ದದ್ದು ಅದೊಂದೇ. ಅದನ್ನು ನಾನೇ ಹಾಳುಮಾಡಿಕೊಂಡೆನೆಂದು ಈಗ ಎಲ್ಲರಿಗೂ ಗೊತ್ತು. ಆದರೆ ನೀನು ಬರೆಯುವಾಗ ಇನ್ನೂ ಯಾರಿಗೂ ಗೊತ್ತಿರಲಿಲ್ಲ. ಅದು ನನಗೆ ಎಷ್ಟರದೆಂದು ನಿನ್ನೊಬ್ಬಳಿಗೆ ಗೊತ್ತಿತ್ತು. ಗೊತ್ತಿದ್ದೂ, ವಯಸ್ಸಾಗಿದೆ ಎನ್ನಿ ಎಂದೆ. ಅನುಬಂಧದ ಸಾಲಿಗಿಂತ ಈ ಸಾಲು ನನ್ನನ್ನು ಹೆಚ್ಚು ಇರಿಯಿತು.

ಕ್ಷಮಿಸಿದ್ದೇನೆಂದು ಬರೆಯಲು ಕುಳಿತೆನು. ಬರೆಯಲಿಲ್ಲ. ಕ್ಷಮಿಸಿದ ಮೇಲೆ ಬರೆಯುತ್ತೇನೆ.

ನಿನ್ನ ಹೇಳಿಕೆಯನ್ನು ನಾಲ್ಕು ಸಲ ಓದಿದೆನು. ಒಳ್ಳೆಯ ಬರಹ. ತಿದ್ದಲು ಒಂದಕ್ಷರವೂ ಸಿಗಲಿಲ್ಲ. ಹಿಂದಿರುಗಿಸುತ್ತಿದ್ದೇನೆ.

ಇಂತಿ,

(ಸಹಿ)
ನಿನ್ನ ದೊಡ್ಡಪ್ಪ

ಅಡಕ: ನಿನ್ನ ಮೇ ೨೦ರ ಪತ್ರದೊಡನೆ ಬಂದ ಹೇಳಿಕೆ, ಒಂದು ಹಾಳೆ. ಸಹಿ ಮಾಡಿಲ್ಲ.